ಬಂದುಹೋಗುವ ಬೇನೆ ಮತ್ತು ಗೋಡೆಗಳ ಚರಿತ್ರೆ

ನಾಸಿಕ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಯಲಾಗುವ ಔರಂಗಾಬಾದ್ ಜಿಲ್ಲೆಗೆ ತಾಗಿಕೊಂಡಿರುವ ಯೇವಲಾ, ಪೈಠಣಿ ಸೀರೆ ನೇಯುವ ಮಗ್ಗಗಳಿಗೆ ಹೆಸರಾದ ಊರು. ಬ್ರಿಟಿಷರ ಕಾಲದಲ್ಲಿ ಈ ಜಿಲ್ಲಾಗಡಿಯೇ ಎರಡು ಆಡಳಿತಗಳ ಗಡಿಯೂ ಆಗಿತ್ತು: ಯೇವಲಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರೆ, ಅದರ ಪೂರ್ವಕ್ಕಿದ್ದ ಹಳ್ಳಿಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕನ್ನಡ ನಾಡೂ ಇದೇ ಬಗೆಯಲ್ಲಿ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಯೇವಲಾದಂತೆ ಮುಂಬಯಿಯ ಆಡಳಿತದಲ್ಲಿದ್ದವು, ಕಲಬುರಗಿ, ರಾಯಚೂರು, ಬೀದರ್‌ಗಳು ಔರಂಗಾಬಾದಿನಂತೆ ನಿಜಾಮರ ಆಳ್ವಿಕೆಯಲ್ಲಿದ್ದವು. ಮನಸ್ಸಿನ ಬೇನೆಗೆ ಸಿಲುಕಿದ ವ್ಯಕ್ತಿ ಯಾವ ಗೋಡೆಯೊಳಗೆ ಸೇರುತ್ತಾನೆಂಬುದನ್ನು ರೋಗಕ್ಕಿಂತ ಹೆಚ್ಚಾಗಿ ಇಂಥ ಗಡಿಗಳೇ ನಿರ್ಧರಿಸುತ್ತಿದ್ದವು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳವರಿಗೆ 19ನೆಯ ಶತಮಾನದ ನಡುಭಾಗದಲ್ಲಿ ಆರಂಭವಾದ ಧಾರವಾಡದ ಹುಚ್ಚಾಸ್ಪತ್ರೆಯಿತ್ತು. ನಿಜಾಮರ ಸಂಸ್ಥಾನದ ಮಾನಸಿಕ ಆಸ್ಪತ್ರೆ ಕೆಲವು ಕಾಲ ಮರಾಠವಾಡದ ಜಾಲನಾದಲ್ಲಿದ್ದು, 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು.

ಈ ಗೋಡೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕ್ರೌರ್ಯದಿಂದ ಕರುಣೆಯ ಕಡೆಗಿನ ನಡೆಯೆಂದು ಹೇಳುವ ವಾಡಿಕೆಯಿದೆ. ಆದರೆ ಇಂದು ಬೈಪೋಲಾರ್ ಅಥವಾ ದ್ವಿಧ್ರುವಿ ಮನೋರೋಗವೆಂದು ಗುರುತಿಸಲಾಗುವ ಬೇನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಅದೇ ಚರಿತ್ರೆ ಬೇರೊಂದು ಪ್ರಶ್ನೆಯನ್ನು ಎತ್ತುತ್ತದೆ. ಈ ಬೇನೆಯಲ್ಲಿ ಒಂದು ಅವಧಿಗೆ ಉನ್ಮಾದ ಏರುತ್ತದೆ. ಆಗ ರೋಗಿಗೆ ನಿದ್ದೆ ಬೇಡವಾಗುತ್ತದೆ, ಮಾತು ನಿಲ್ಲುವುದಿಲ್ಲ, ತನ್ನಿಂದಾಗದ್ದು ಯಾವುದೂ ಇಲ್ಲವೆಂಬ ಭಾವ ಮೂಡಿ, ಕೈಯಲ್ಲಿದ್ದ ಹಣವೆಲ್ಲ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಇನ್ನೊಂದು ಅವಧಿಗೆ ಖಿನ್ನತೆ ಕವಿದು, ಹಾಸಿಗೆಯಿಂದ ಏಳುವುದೇ ದುಸ್ತರವಾಗಿ, ಬದುಕು ಸಾಕೆನಿಸುತ್ತದೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಹಲವರ ವಿಷಯದಲ್ಲಿ ವರ್ಷಗಟ್ಟಲೆ, ಆ ವ್ಯಕ್ತಿ ಎಲ್ಲರಂತೆ ದುಡಿದು, ಸಂಸಾರ ನಡೆಸಿ, ನೆರೆಹೊರೆಯವರೊಡನೆ ಬಾಳುತ್ತಾನೆ. ಒಳಗೆ ಸೇರಿಸಿ ಬಾಗಿಲು ಹಾಕುವುದಕ್ಕೆಂದು ಕಟ್ಟಿದ ಸಂಸ್ಥೆಗೆ ಹೀಗೆ ಬಂದುಹೋಗುವ ಬೇನೆಯ ಬಗ್ಗೆ ಏನು ಮಾಡಬೇಕೆಂಬುದು ಬಹುಕಾಲ ತಿಳಿಯಲೇ ಇಲ್ಲ.

ವೈದ್ಯಶಾಸ್ತ್ರಕ್ಕೂ ಇದರ ಸ್ವರೂಪ ತಡವಾಗಿಯೇ ಗೋಚರಿಸಿತು. 1850ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಫಾಲ್ರೆ ಮತ್ತು ಬೈಯರ್ಜೆ ಎಂಬ ವೈದ್ಯರು ಉನ್ಮಾದ, ಖಿನ್ನತೆಗಳೆರಡೂ ಒಂದೇ ರೋಗದ ಎರಡು ಮುಖಗಳೆಂದು ಬೇರೆಬೇರೆಯಾಗಿ ವಾದಿಸಿದರು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಅದನ್ನು ಸ್ಕಿಜೋಫ್ರೇನಿಯಾದ ಬಗೆಯ ಬೇನೆಗಳಿಂದ ಬೇರ್ಪಡಿಸಿ, ನಡುವೆ ಬಿಡುವು ಕೊಡುವುದೇ ಇದರ ಲಕ್ಷಣವೆಂದು ತೋರಿಸಿಕೊಟ್ಟನು. ಭಾರತದ ಆಸ್ಪತ್ರೆಗಳ ದಾಖಲೆ ಪುಸ್ತಕಗಳಿಗೆ ಇಂಥ ಸೂಕ್ಷ್ಮ ಬೇಕಿರಲಿಲ್ಲ. 1858ರ ಹುಚ್ಚಾಸ್ಪತ್ರೆಗಳ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಲೆಯುವ ಹುಚ್ಚರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು, ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಆಸ್ಪತ್ರೆ ಅವರನ್ನು ಒಳಗೆ ಸೇರಿಸಿಕೊಳ್ಳಬೇಕಿತ್ತು. ಹುಚ್ಚಿಗೆ ಕಾರಣವೇನೆಂಬ ಕಲಮನ್ನೂ ಬಹುಮಟ್ಟಿಗೆ ಪೊಲೀಸರು ಕೊಟ್ಟ ಮಾಹಿತಿಯಿಂದಲೇ ತುಂಬಲಾಗುತ್ತಿದ್ದುದರಿಂದ ಅಲ್ಲಿ ಗಾಂಜಾ ಎಂಬ ಒಂದೇ ಉತ್ತರ ಮತ್ತೆಮತ್ತೆ ಕಾಣಿಸಿಕೊಂಡಿತು. 1893–94ರಲ್ಲಿ ದೇಶವನ್ನೆಲ್ಲ ಸುತ್ತಿ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ವಿಚಾರಣೆ ನಡೆಸಿದ ಸರ್ಕಾರಿ ಆಯೋಗ ಈ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವನ್ನು ನಂಬುವಂತಿಲ್ಲವೆಂಬ ತೀರ್ಮಾನಕ್ಕೆ ಬಂದಿತು. ಕೆಲವು ತಿಂಗಳು ಉದ್ರೇಕದಲ್ಲಿದ್ದು, ಆಮೇಲೆ ತಾನಾಗಿ ಶಾಂತನಾಗಿ ಮನೆಗೆ ಮರಳಿದ ರೋಗಿಯ ಎದುರು ಗಾಂಜಾ ಎಂದು ಬರೆದಿದ್ದ ಸಾಲುಗಳಲ್ಲಿ ಎಷ್ಟು ಉನ್ಮಾದದ ಸರದಿಗಳು ಅಡಗಿದ್ದಾವು ಎಂಬ ಅನುಮಾನ ಇಂದಿನ ಓದುಗರಿಗೆ ಬರುವುದು ಸಹಜವೇ ಆಗಿದೆ.

ಆಸ್ಪತ್ರೆಯ ಗೋಡೆಗಳಾಚೆ ಇದ್ದ ಹೆಚ್ಚಿನ ಜನ ಹೋಗುತ್ತಿದ್ದುದು ದೇವರಲ್ಲಿಗೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವಲ್ಲಿರುವ ಗಾಣಗಾಪುರ, ನೃಸಿಂಹ ಸರಸ್ವತಿಯವರು ನೆಲೆಸಿದ್ದ ದತ್ತ ಕ್ಷೇತ್ರ. ಕನ್ನಡ ನೆಲದಲ್ಲಿದ್ದರೂ ಅಲ್ಲಿಗೆ ಬರುವ ಭಕ್ತರಲ್ಲಿ ಮಹಾರಾಷ್ಟ್ರದವರ ಸಂಖ್ಯೆ ದೊಡ್ಡದು. ಮೈಮೇಲೆ ಗಾಳಿ ಬಂದಿದೆ, ಮಾಟ ತಾಗಿದೆ ಎಂದು ಕರೆತಂದವರು ಮಂಗಳಾರತಿಯ ವೇಳೆಗೆ ಕೂಗುವುದನ್ನೂ ಕಂಬಗಳನ್ನು ಏರುವುದನ್ನೂ ಆ ಕ್ಷೇತ್ರಕ್ಕೆ ಹೋದವರು ಬಲ್ಲರು. ಹೊರಗಿನವರ ಕಣ್ಣು ನಿಲ್ಲುವುದು ಈ ದೃಶ್ಯದ ಮೇಲೆಯೇ. ಆದರೆ ಅಲ್ಲಿ ದೀರ್ಘಕಾಲ ಸೇವೆಗೆ ನಿಲ್ಲುವವರ ದಿನಚರಿ ಇದಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು: ನಸುಕಿನಲ್ಲೆದ್ದು ಸಂಗಮದಲ್ಲಿ ಸ್ನಾನ, ಅತ್ತಿಯ ಮರಕ್ಕೆ ಪ್ರದಕ್ಷಿಣೆ, ಗುರುಚರಿತ್ರೆಯ ಪಾರಾಯಣ, ಹೊತ್ತಿಗೆ ಸರಿಯಾಗಿ ಮಧುಕರಿ, ಅಂದರೆ ಮನೆಮನೆಯಲ್ಲಿ ಬೇಡಿ ತಂದ ಅನ್ನ. ರೋಗಿಯೊಂದಿಗೆ ಮನೆಯವರಲ್ಲೊಬ್ಬರು ಇರುತ್ತಾರೆ. ಯಾರೂ ಅವನನ್ನು ಹುಚ್ಚನೆಂದು ದೂರ ಸರಿಸುವುದಿಲ್ಲ, ಬಂದಿರುವ ತೊಂದರೆ ಅವನ ತಪ್ಪೆಂದೂ ಹೇಳುವುದಿಲ್ಲ. ನಿದ್ದೆ, ಊಟ, ಕೆಲಸಗಳ ವೇಳೆಗಳನ್ನು ಒಂದು ಕ್ರಮಕ್ಕೆ ತರುವುದು ದ್ವಿಧ್ರುವಿ ರೋಗದ ನಿರ್ವಹಣೆಯಲ್ಲಿ ಮಾತ್ರೆಯ ಜೊತೆಗೆ ನಿಲ್ಲುವ ಉಪಾಯವೆಂದು ಇಂದಿನ ಮನೋವೈದ್ಯಶಾಸ್ತ್ರ ಒಪ್ಪುತ್ತದೆ. ಚಿಕಿತ್ಸೆಯಿಲ್ಲದ ಉನ್ಮಾದವೂ ಹಲವೊಮ್ಮೆ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆಂಬುದೂ ತಿಳಿದ ಸಂಗತಿಯೇ ಆದ್ದರಿಂದ, ದತ್ತನ ಸೇವೆಯಿಂದ ವಾಸಿಯಾಯಿತೆಂದು ಹೇಳಿದ ಸಂಸಾರಗಳು ಸುಳ್ಳು ಹೇಳಿದವೆನ್ನಲು ಕಾರಣವಿಲ್ಲ. ತೊಂದರೆ ಎದುರಾದುದು ಬೇನೆ ಮರುಕಳಿಸಿದಾಗ. ಆಗ ಅದು ಸೇವೆಯಲ್ಲಿನ ಲೋಪವಾಗಿ ಕಾಣಿಸಿ, ಎರಡನೆಯ ಸರದಿಯನ್ನು ತಡೆಯುವ ಮದ್ದಿನ ಮಾತೇ ಏಳುತ್ತಿರಲಿಲ್ಲ. ನಂಬಿಕೆಯ ನೆರಳಿನಲ್ಲೇ ಕಾವಲಿಲ್ಲದ ಕೊಟ್ಟಿಗೆಗಳೂ ಬೆಳೆದವೆಂಬುದಕ್ಕೆ ತಮಿಳುನಾಡಿನ ಏರವಾಡಿ ಸಾಕ್ಷಿ: 2001ರ ಆಗಸ್ಟ್ 6ರ ನಸುಕಿನಲ್ಲಿ ಅಲ್ಲಿನ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಓಡಲಾರದೆ ಸುಟ್ಟು ಸತ್ತರು.

ಈ ನಡುವೆ ಗೋಡೆಗಳ ಒಳಗೂ ಬದಲಾವಣೆ ನಡೆದಿತ್ತು. ಬೆಂಗಳೂರಿನಲ್ಲಿ ಮೈಸೂರು ಕಮಿಷನ್ನಿನ ವೈದ್ಯನಾಗಿದ್ದ ಚಾರ್ಲ್ಸ್ ಅರ್ವಿಂಗ್ ಸ್ಮಿತ್ 1847ರಲ್ಲಿ ಆರಂಭಿಸಿದ ಆಸ್ಪತ್ರೆ, 1925ರಲ್ಲಿ ಹುಚ್ಚಾಸ್ಪತ್ರೆಯೆಂಬ ಹೆಸರನ್ನು ಕಳಚಿ ಮಾನಸಿಕ ಆಸ್ಪತ್ರೆಯಾಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂದಿತು. ಡಾ. ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅದಕ್ಕೆ ಜೋಡಿಯಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರ ಡಿಸೆಂಬರ್‌ನಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ರೂಪುಗೊಂಡಿತು. ಈ ಅವಧಿಯಲ್ಲಿ ಚಿಕಿತ್ಸೆಯ ಸಾಮಗ್ರಿಯೂ ಬದಲಾಯಿತು. ಸರ್ಪಗಂಧಿಯ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಕಟಿಸಿದ್ದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯನು ಲಿಥಿಯಂ ಎಂಬ ಲವಣವನ್ನು ಉನ್ಮಾದದ 10 ರೋಗಿಗಳಿಗೆ ಕೊಟ್ಟು ಗುಣ ಕಂಡನು, ಡೆನ್ಮಾರ್ಕಿನ ಮೋಗೆನ್ಸ್ ಶೌ ಮುಂದಿನ ವರ್ಷಗಳಲ್ಲಿ ಅದು ಮರುಕಳಿಕೆಯನ್ನು ತಡೆಯುತ್ತದೆಂದು ಸಾಧಿಸಿದನು. ಲಿಥಿಯಂ ಅಗ್ಗದ ಮದ್ದು, ಆದರೆ ಎಚ್ಚರ ಬೇಡುವ ಮದ್ದು: ರಕ್ತದಲ್ಲಿ ಅದರ ಪ್ರಮಾಣ ತುಸು ಕಡಿಮೆಯಾದರೆ ಉಪಯೋಗವಿಲ್ಲ, ತುಸು ಹೆಚ್ಚಾದರೆ ವಿಷ. ಬೇಸಿಗೆಯಲ್ಲಿ ಬೆವರು ಸುರಿದು ನೀರಿನಂಶ ಇಳಿದಾಗ ಅದು ಮೈಯಲ್ಲಿ ಏರುತ್ತದೆ. ಕಿಡ್ನಿ ಮತ್ತು ಥೈರಾಯ್ಡ್‌ಗಳ ಪರೀಕ್ಷೆಯೂ ಆಗಾಗ ಆಗಬೇಕು. ಹೀಗಾಗಿ ಈ ಮದ್ದು ಬಂದ ಮೇಲೆ ರೋಗಿಗೆ ಗೋಡೆಗಿಂತ ಊರಿನ ಹತ್ತಿರದ ರಕ್ತಪರೀಕ್ಷೆಯೂ ತಿಂಗಳು ತಿಂಗಳೂ ಸಿಗುವ ಮಾತ್ರೆಯೂ ಹೆಚ್ಚು ಅಗತ್ಯವಾದವು. ಅವೆರಡೂ ಗ್ರಾಮೀಣ ಭಾರತದಲ್ಲಿ ಇರಲಿಲ್ಲ.

ಮನೆಯವರನ್ನು ಚಿಕಿತ್ಸೆಯ ಪಾಲುದಾರರಾಗಿ ಕಂಡದ್ದು ಭಾರತೀಯ ಮನೋವೈದ್ಯಕೀಯದ ಸ್ವಂತ ಸಾಧನೆಯೆನ್ನಬೇಕು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ಬಂಧುಗಳು ರೋಗಿಯ ಜೊತೆಗೇ ಇರುವಂತೆ ಮಾಡಿದ್ದರು. ವೆಲ್ಲೂರಿನಲ್ಲೂ ಬೆಂಗಳೂರಿನಲ್ಲೂ ಅದೇ ತತ್ವ ಬೇರೆಬೇರೆ ಬಗೆಯಲ್ಲಿ ಬೆಳೆಯಿತು. ಹಳ್ಳಿಯವರು ಮನಸ್ಸಿನ ಬೇನೆಯನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆಂದು ತಿಳಿಯಲು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂದಿತು. ಅದರಲ್ಲಿ ಮಂತ್ರವಾದಿ, ಪಾತ್ರಿ, ವೈದ್ಯ ಮೂವರನ್ನೂ ಹೀಗಳೆಯದೆ ಗಮನಿಸಲಾಗಿದೆ. ಕಪೂರ್ ಅವರು ನಿಮ್ಹಾನ್ಸ್‌ಗೆ ಬಂದು ಸಮುದಾಯ ಮನೋವೈದ್ಯ ಘಟಕವನ್ನು ಕಟ್ಟಿದರು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಆ ಘಟಕದ ಪ್ರಯೋಗಶಾಲೆಯಂತಹ ಕೇಂದ್ರ ಕೆಲಸ ಮಾಡಿತು.

ಸಕಲವಾರದಲ್ಲಿ ಕಲಿತದ್ದನ್ನು ಇಡೀ ಜಿಲ್ಲೆಗೆ ಹರಡಿ ನೋಡಿದ್ದು ಬಳ್ಳಾರಿಯಲ್ಲಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದ ಮೇಲೂ ಅದನ್ನು ಕೈಗೂಡಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಹದಿನೈದು ಲಕ್ಷಕ್ಕೂ ಹೆಚ್ಚು ಜನರಿದ್ದ ಈ ಜಿಲ್ಲೆಯಲ್ಲಿ 1985ರ ಸುಮಾರಿಗೆ ನಿಮ್ಹಾನ್ಸ್‌ನ ತಂಡ ಆರಂಭಿಸಿದ ಕೆಲಸವೇ ಅದಕ್ಕೆ ಉತ್ತರವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವೇ ಮುಖ್ಯ ಬೇನೆಗಳನ್ನು ಗುರುತಿಸಿ, ಕೆಲವೇ ಮದ್ದುಗಳನ್ನು ಸರಿಯಾಗಿ ಕೊಡಲು ತರಬೇತಿ ನೀಡಲಾಯಿತು. ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರು ಮಾತ್ರೆ ಬಿಟ್ಟವರನ್ನು ಹುಡುಕಿ ಮತ್ತೆ ಕರೆತರುವುದನ್ನು ಕಲಿತರು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗುತ್ತಿದ್ದುದು ಕಠಿಣವಾದ ಪ್ರಕರಣಗಳು ಮಾತ್ರ. ದ್ವಿಧ್ರುವಿ ರೋಗಿಯ ದೃಷ್ಟಿಯಿಂದ ಇದರ ಬೆಲೆ ಇರುವುದು ಆರೋಗ್ಯ ಕಾರ್ಯಕರ್ತರ ಆ ಕೆಲಸದಲ್ಲಿ. ಉನ್ಮಾದ ಇಳಿದ ಮೇಲೆ ತನಗೇನೂ ಆಗಿಲ್ಲವೆಂದುಕೊಂಡು ಮಾತ್ರೆ ನಿಲ್ಲಿಸುವುದು ಈ ಬೇನೆಯಲ್ಲಿ ಅತಿ ಸಾಮಾನ್ಯ. ಅಂಥವರ ಬಾಗಿಲಿಗೆ ಪರಿಚಯದ ಮುಖವೊಂದು ಬಂದು ಕೇಳುವುದರಿಂದ ಆಗುವಷ್ಟು ಪ್ರಯೋಜನ ದೂರದ ದೊಡ್ಡ ಆಸ್ಪತ್ರೆಯಿಂದ ಆಗುವುದಿಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇದೇ ತಲೆಮಾರಿನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಆಸ್ಪತ್ರೆಗೆ ಕಾಲಿಡಲು ಅಂಜುತ್ತಿದ್ದ ಸಂಸಾರಗಳ ಕೈಗೆ ಸಿಕ್ಕವು. ಆ ಓದಿನ ಪ್ರಭಾವವನ್ನು ಅಳೆದವರಿಲ್ಲವಾದರೂ ಅದನ್ನು ಬಳ್ಳಾರಿಯ ಕೆಲಸದ ಪಕ್ಕದಲ್ಲೇ ಇಡಬೇಕು.

ಕಾನೂನು ಈ ದಾರಿಯಲ್ಲಿ ಹಿಂದೆ ಉಳಿದು ಬಂದಿತು. 1912ರ ಲ್ಯೂನಸಿ ಕಾಯ್ದೆ ಬಹುಕಾಲ ಬಾಳಿ 1987ರ ಮಾನಸಿಕ ಆರೋಗ್ಯ ಕಾಯ್ದೆಗೆ ಎಡೆಮಾಡಿತು. ಆ ಹೊಸ ಕಾಯ್ದೆಯೂ ಮುಖ್ಯವಾಗಿ ಆಸ್ಪತ್ರೆಯ ಒಳಹೊರಗಿನ ನಿಯಮಗಳನ್ನೇ ಹೇಳಿತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಾಸ್ಥ್ಯ ವಿಚ್ಛೇದನಕ್ಕೆ ಒಂದು ಆಧಾರವಾಗಿರುವುದರಿಂದ, ಮದುವೆಯ ಮಾತುಕತೆಯಲ್ಲಿ ಬೇನೆಯನ್ನು ಮುಚ್ಚಿಡುವ ಒತ್ತಡ ಹೆಣ್ಣು ಹೆತ್ತವರ ಮೇಲೆ ಬಿದ್ದಿತು. ರೋಗದ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಅದು ಎಷ್ಟು ತೀವ್ರವಾಗಿದೆಯೆಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದ್ದರೂ ಆ ಭಯ ಇಂದಿಗೂ ಹೋಗಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದ್ವಿಧ್ರುವಿ ರೋಗಿಗಳಲ್ಲಿ ಶೇಕಡಾ 70ರಷ್ಟು ಮಂದಿ ಚಿಕಿತ್ಸೆಯ ಹೊರಗಿದ್ದಾರೆಂದು ಕಂಡುಕೊಂಡದ್ದಕ್ಕೆ ಮದ್ದಿನ ಅಭಾವದಷ್ಟೇ ಈ ಮುಚ್ಚಿಡುವಿಕೆಯೂ ಕಾರಣವಾಗಿದೆ.

ಮುಚ್ಚಿಟ್ಟದ್ದನ್ನು ಬಿಚ್ಚಿ ಮಾತನಾಡಿದವರಲ್ಲಿ ಮೊದಲಿಗರು ಮನೆಯವರು. ಬೆಂಗಳೂರಿನಲ್ಲಿ ರೋಗಿಗಳ ಬಂಧುಗಳು ಕಟ್ಟಿಕೊಂಡ ಅಮೆಂಡ್, ಪುಣೆಯಲ್ಲಿ ಡಾ. ಜಗನ್ನಾಥ ವಾಣಿಯವರು ಸ್ಥಾಪಿಸಿದ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಮುಂತಾದವು ಸಂಸಾರದ ದುಃಖವನ್ನು ಸಾರ್ವಜನಿಕ ಬೇಡಿಕೆಯಾಗಿ ಪರಿವರ್ತಿಸಿದವು. ರೋಗಿಗಳೇ ತಮ್ಮ ಹೆಸರಿನಲ್ಲಿ ಮಾತನಾಡಿದ್ದು ಆಮೇಲೆ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜಾಮಿಸನ್, ತಾನು ಸಂಶೋಧನೆ ಮಾಡುತ್ತಿದ್ದ ಬೇನೆ ತನ್ನದೇ ಎಂದು ಆತ್ಮಕಥನದಲ್ಲಿ ಬರೆದಾಗ ವೃತ್ತಿಲೋಕವೇ ಬೆರಗಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯನ್ನು ಬಹಿರಂಗಪಡಿಸಿದ ಮೇಲೆ ಅವರ ಪ್ರತಿಷ್ಠಾನ ಗ್ರಾಮೀಣ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ದಾವಣಗೆರೆ ಜಿಲ್ಲೆಯನ್ನು. ಗೋಡೆಗಳ ಚರಿತ್ರೆಯಲ್ಲಿ ಬರೀ ಕಲಮುಗಳಾಗಿ ಉಳಿದಿದ್ದವರು ಹೀಗೆ ವಾಕ್ಯಗಳನ್ನು ತಾವೇ ರಚಿಸತೊಡಗಿದ್ದು ದೊಡ್ಡ ತಿರುವು.

ಆ ತಿರುವಿನ ಗುರುತು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿದೆ. 2018ರ ಮೇ 29ರಿಂದ ಜಾರಿಗೆ ಬಂದ ಈ ಕಾಯ್ದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನೂ ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸುತ್ತದೆ, ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆನ್ನುತ್ತದೆ. ದ್ವಿಧ್ರುವಿ ರೋಗಕ್ಕೆ ಅತಿ ಹತ್ತಿರವಾಗುವುದು ಅದರ 5ನೆಯ ಕಲಮು. ವಯಸ್ಕರಾದ ಯಾರೇ ಆಗಲಿ, ಸ್ವಸ್ಥರಿರುವಾಗಲೇ, ಮುಂದೆ ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲಿ ತಾವಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಬರೆದಿಡಬಹುದು. ಇದನ್ನು ಮುಂಗಡ ನಿರ್ದೇಶನವೆನ್ನುತ್ತಾರೆ. ಎರಡು ಸರದಿಗಳ ನಡುವಣ ಸ್ವಸ್ಥ ವರ್ಷಗಳು ಇದರಿಂದ ಮಾನಸಿಕ ಆರೋಗ್ಯ ಕಾನೂನಿನ ಕಣ್ಣಿಗೆ ಬಿದ್ದವು. ಆ ವರ್ಷಗಳ ವ್ಯಕ್ತಿಯ ವಿವೇಕವನ್ನು ಉನ್ಮಾದದ ವಾರಗಳಲ್ಲಿ ಬದುಕಿಸಿಡುವ ಸಾಧನವೂ ದೊರೆಯಿತು. ಆದರೆ ಆ ನಿರ್ದೇಶನವನ್ನು ಓದಿ ಪಾಲಿಸಬಲ್ಲ ಮನೋವೈದ್ಯರು ಯೇವಲಾದಂಥ ತಾಲ್ಲೂಕಿನ ಆಸ್ಪತ್ರೆಯಲ್ಲೂ ಅಫಜಲಪುರದಂಥ ಕಡೆಯಲ್ಲೂ ಇರಬೇಕಾಗುತ್ತದೆ. ಕರ್ನಾಟಕದಲ್ಲಿ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುವ ಮನೋಚೈತನ್ಯ ಕಾರ್ಯಕ್ರಮವೂ, ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ದೇಶಕ್ಕೆಲ್ಲ ಆರಂಭವಾದ 14416 ಎಂಬ ಟೆಲಿ-ಮಾನಸ್ ದೂರವಾಣಿಯೂ ಅಂಥ ವೈದ್ಯರ ಕೊರತೆಯ ಒಂದು ಭಾಗವನ್ನು ಮಾತ್ರ ತುಂಬುತ್ತಿವೆ.