ಮಗು ಯಾರದು? ಆನಿ ಬೆಸೆಂಟ್ ಕಂಡ ಎರಡು ತೀರ್ಪುಗಳು

ಚೆನ್ನೈನಲ್ಲಿರುವ ನಮಗೆ ಬೆಸೆಂಟ್ ನಗರ ಎಂದರೆ ಸಮುದ್ರ ತೀರ, ಅಷ್ಟಲಕ್ಷ್ಮಿ ದೇವಸ್ಥಾನ, ಭಾನುವಾರದ ಸಂಜೆ. ಆ ಹೆಸರಿನ ಹಿಂದಿರುವ ಆನಿ ಬೆಸೆಂಟ್ ಅವರನ್ನು ಹೋಂ ರೂಲ್ ಚಳವಳಿಯ ನಾಯಕಿಯಾಗಿ ಶಾಲೆಯಲ್ಲಿ ಓದಿದ್ದೇವೆ. ಆದರೆ ಮಕ್ಕಳ ಮೇಲಿನ ಹಕ್ಕಿಗಾಗಿ ಅವರು ಎರಡು ಬಾರಿ ಕೋರ್ಟಿನಲ್ಲಿ ಸ್ವತಃ ನಿಂತು ವಾದಿಸಿದ್ದು ನಮ್ಮ ಪಾಠದಲ್ಲಿರಲಿಲ್ಲ. ಒಮ್ಮೆ ತಾಯಿಯಾಗಿ, ಇನ್ನೊಮ್ಮೆ ಒಬ್ಬ ತಂದೆಯ ಎದುರಾಳಿಯಾಗಿ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಆ ಕಥೆಯನ್ನೇ ಬರೆಯೋಣ ಎನಿಸಿತು.

ಮೊದಲನೆಯದು ಲಂಡನ್ನಿನಲ್ಲಿ ನಡೆದದ್ದು. 1873ರಲ್ಲಿ ಅವರು ಪಾದ್ರಿಯಾಗಿದ್ದ ಗಂಡನಿಂದ ಬೇರೆಯಾದಾಗ ಮಗ ತಂದೆಯ ಬಳಿ, ಮಗಳು ಮೇಬಲ್ ತಾಯಿಯ ಬಳಿ ಎಂದು ಒಪ್ಪಂದವಾಗಿತ್ತು. 1877ರಲ್ಲಿ ಬೆಸೆಂಟ್, ಚಾರ್ಲ್ಸ್ ಬ್ರ್ಯಾಡ್ಲಾ ಜೊತೆ ಸೇರಿ ಗರ್ಭನಿರೋಧದ ಕುರಿತ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ಅದು ಅಶ್ಲೀಲವೆಂದು ಮೊಕದ್ದಮೆ ನಡೆಯಿತು. ಶಿಕ್ಷೆ ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಆದರೆ 1878ರಲ್ಲಿ ಗಂಡ ಮಗಳನ್ನು ಕೇಳಿ ಕೋರ್ಟಿಗೆ ಬಂದರು. ತಾಯಿ ಮಗಳನ್ನು ಪ್ರೀತಿಯಿಂದ ನೋಡಿಕೊಂಡಿದ್ದಾಳೆ ಎಂಬುದನ್ನು ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಒಪ್ಪಿಕೊಂಡರು. ಆದರೂ ನಾಸ್ತಿಕಳಾದ, ಅಂಥ ಪುಸ್ತಿಕೆ ಹೊರತಂದ ಹೆಂಗಸಿನ ಬಳಿ ಬೆಳೆಯುವುದು ಹುಡುಗಿಗೆ ಒಳ್ಳೆಯದಲ್ಲ ಎಂದು ಏಳು ವರ್ಷದ ಮೇಬಲ್‌ಳನ್ನು ತಂದೆಗೆ ಒಪ್ಪಿಸಿದರು. ಮೇಲ್ಮನವಿಯಲ್ಲೂ ಮಗಳು ಸಿಗಲಿಲ್ಲ. ದೊಡ್ಡವರಾದ ಮೇಲೆ ಮಕ್ಕಳಿಬ್ಬರೂ ತಾವಾಗಿಯೇ ತಾಯಿಯ ಬಳಿ ಬಂದರು ಎಂಬುದಷ್ಟೇ ಸಮಾಧಾನ.

ಎರಡನೆಯದು ನಮ್ಮ ಅಡ್ಯಾರಿನದು. ಥಿಯಾಸಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕಿದ್ದ ನಾರಾಯಣಯ್ಯನವರು 1910ರಲ್ಲಿ ತಮ್ಮ ಮಕ್ಕಳಾದ ಜೆ. ಕೃಷ್ಣಮೂರ್ತಿ ಮತ್ತು ನಿತ್ಯಾನಂದರ ಪಾಲಕತ್ವವನ್ನು ಬೆಸೆಂಟ್ ಅವರಿಗೆ ಬರೆದುಕೊಟ್ಟರು. ಹುಡುಗರ ತಾಯಿ 1905ರಲ್ಲೇ ತೀರಿಕೊಂಡಿದ್ದರು. 1912ರಲ್ಲಿ ತಂದೆ ಮನಸ್ಸು ಬದಲಿಸಿ, ಮಕ್ಕಳನ್ನು ವಾಪಸು ಕೊಡಿಸಿ ಎಂದು ದಾವೆ ಹೂಡಿದರು. 1913ರಲ್ಲಿ ಮದ್ರಾಸ್ ಹೈಕೋರ್ಟ್ ತಂದೆಯ ಪರವಾಗಿ ತೀರ್ಪು ಕೊಟ್ಟಿತು. ಬೆಸೆಂಟ್ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1914ರ ಮೇ ತಿಂಗಳಲ್ಲಿ ಗೆದ್ದರು.

ಆ ತೀರ್ಪಿನಲ್ಲಿ ಎರಡು ಮಾತು ನನಗೆ ಮುಖ್ಯವೆನಿಸಿತು. ತಂದೆಯ ಪಾಲಕತ್ವ ಒಂದು ಪವಿತ್ರ ಹೊಣೆ, ಅದನ್ನು ಶಾಶ್ವತವಾಗಿ ಬಿಟ್ಟುಕೊಡಲಾಗದು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂಬುದು ಒಂದು. ಇಂಗ್ಲೆಂಡಿನಲ್ಲಿದ್ದ ಹುಡುಗರ ಇಷ್ಟವೇನೆಂದು ಯಾರೂ ಕೇಳಲೇ ಇಲ್ಲ ಎಂಬುದು ಇನ್ನೊಂದು. ಅಷ್ಟರಲ್ಲಿ ಕೃಷ್ಣಮೂರ್ತಿಗೆ 19 ವರ್ಷ ತುಂಬಿತ್ತು!

ತಂದೆಗೆ ಇಷ್ಟು ಬಲವಾಗಿದ್ದ ಹಕ್ಕು ತಾಯಿಗೆ ದಕ್ಕಲು ಬಹಳ ಕಾಲ ಹಿಡಿಯಿತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯಲ್ಲಿ ಸಹಜ ಪಾಲಕ ತಂದೆ, ‘ಅವನ ನಂತರ’ ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಅರ್ಜಿ ಹಾಕಿದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗ ಅವನಿರುವಾಗಲೂ ತಾಯಿಯೇ ಸಹಜ ಪಾಲಕಿಯಾಗಬಹುದು ಎಂದು 1999ರಲ್ಲಿ ಕೋರ್ಟು ಅರ್ಥ ಹೇಳಿತು. 2015ರಲ್ಲಿ, ಅವಿವಾಹಿತ ತಾಯಿಯೊಬ್ಬಳು ಪಾಲಕತ್ವ ಕೇಳಿದಾಗ ತಂದೆಯ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. ಆದರೆ ‘ನಂತರ’ ಎಂಬ ಪದವನ್ನು ಕೋರ್ಟು ಕಾಯ್ದೆಯಿಂದ ತೆಗೆದುಹಾಕಲಿಲ್ಲ.

ಇಂದು ಇಂಥ ಪ್ರಕರಣಗಳಲ್ಲಿ ಕೋರ್ಟು ಮೊದಲು ನೋಡುವುದು ಮಗುವಿನ ಹಿತ. ಕೇಳಲು ಎಷ್ಟು ಚೆಂದ! ಆದರೆ ಗೆಳತಿಯರೇ, 1878ರಲ್ಲಿ ಮೇಬಲ್‌ಳನ್ನು ಕಸಿದುಕೊಂಡದ್ದೂ ಮಗುವಿನ ಹಿತದ ಹೆಸರಿನಲ್ಲೇ. ಆಗ ಅಳೆದದ್ದು ತಾಯಿಯ ಅಕ್ಕರೆಯನ್ನಲ್ಲ, ಅವಳ ವಿಚಾರಗಳನ್ನು. ಹಿತವೆಂದರೇನು, ಅದನ್ನು ಹೇಳುವವರು ಯಾರು, ಮಗುವನ್ನು ಕೇಳಿದರೇ ಎಂಬ ಪ್ರಶ್ನೆಗಳನ್ನು ನಾವು ಇಂದಿಗೂ ಬಿಡುವ ಹಾಗಿಲ್ಲ.