ಹೊಗೆಗೂ ಮೆಟ್ಟಿಗೂ ಒಂದೇ ಹೆಸರು

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕಾನೆಸ್ಟೋಗ ಎಂಬುದೊಂದು ಕಣಿವೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ರೂಢಿಗೆ ಬಂದ, ಮೇಲೆ ಅರಿವೆಯ ಕಮಾನು ಹೊದ್ದ ಭಾರಿ ಸರಕುಬಂಡಿಗಳನ್ನು ಹೊಡೆಯುತ್ತಿದ್ದವರು ಸೇದುತ್ತಿದ್ದ ಅಗ್ಗದ ನೀಳ ಚುಟ್ಟಕ್ಕೂ, ಅವರು ಕಾಲಿಗೆ ಮೆಟ್ಟುತ್ತಿದ್ದ ಒರಟು ಜೋಡಿಗೂ ಆ ಕಣಿವೆಯ ಹೆಸರೇ ಮೊಟಕಾಗಿ ‘ಸ್ಟೋಗಿ’ ಎಂದು ಅಂಟಿಕೊಂಡಿತೆಂದು ನಿಘಂಟುಕಾರರು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಸೀಮೆಯಲ್ಲಿ, ಇವೆರಡೂ ಪದಾರ್ಥಗಳು ಅಕ್ಕಪಕ್ಕದಲ್ಲೇ ಹುಟ್ಟುತ್ತವೆ: ನಿಪ್ಪಾಣಿಯದು ಹೊಗೆ, ಅಥಣಿಯದು ಮೆಟ್ಟು. ಎರಡನ್ನೂ ಕೂಡಿಸುವ ಒಂದು ಮಾತು ಮಾತ್ರ ನಮ್ಮಲ್ಲಿ ಹುಟ್ಟಲಿಲ್ಲ.

ತಂಬಾಕು ಈ ನೆಲಕ್ಕೆ ಹೊಸತೇನಲ್ಲ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗನು ಬಿಜಾಪುರದಲ್ಲಿ ಅದನ್ನು ಕಂಡು ಬೆರಗಾಗಿ, ರತ್ನಖಚಿತವಾದ ಹುಕ್ಕಾದೊಡನೆ ಆಗ್ರಾಕ್ಕೆ ಒಯ್ದನೆಂದೂ, ವೈದ್ಯರು ತಡೆದರೂ ಬಾದಶಹನು ಎರಡು ಮೂರು ದಮ್ಮು ಎಳೆದೇಬಿಟ್ಟನೆಂದೂ ಅವನೇ ಬರೆದಿಟ್ಟಿದ್ದಾನೆ. ಅರಮನೆಯ ಆ ವಿಲಾಸವಸ್ತು ಕಾಲಾನಂತರದಲ್ಲಿ ಕೂಲಿಕಾರನ ಬೀಡಿಯಾಯಿತು. ನಿಪ್ಪಾಣಿಯ ಕರಿಮಣ್ಣು ಬೀಡಿಯ ತಂಬಾಕಿಗೆ ಪ್ರಸಿದ್ಧವಾಯಿತು. ಕುಡಿ ಚಿವುಟಿ, ಬಿಸಿಲಿಗೆ ಒಣಗಿಸಿದ ಎಲೆಯು ವಖಾರಿಗಳಿಗೆ ಬಂದು ಸೇರಿದ ಮೇಲೆ ಅದನ್ನು ಬಡಿದು, ಸಾಣಿಸಿ, ಪುಡಿಮಾಡುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಅವರು ಉಸಿರಾಡಿದ ಧೂಳಿಗೆ ಬೆಲೆ ಕಟ್ಟಿದವರಿಲ್ಲ. ಆ ಹೆಂಗಸರ ಸಂಘಟನೆಯನ್ನು 1982ರಲ್ಲಿ ಯುಗಾಂತರ ಎಂಬ ತಂಡ ಚಿತ್ರದಲ್ಲಿ ಹಿಡಿದಿಟ್ಟಿತು. ಅದರ ಹಿಂದಿನ ವರ್ಷ, ಯೋಗ್ಯ ಬೆಲೆ ಬೇಡಿ ಶರದ್ ಜೋಶಿಯವರ ನಾಯಕತ್ವದಲ್ಲಿ ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯನ್ನು ಮೂರು ವಾರ ಹಿಡಿದು ಕುಳಿತಿದ್ದರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 10ಕ್ಕಿಂತ ಹೆಚ್ಚು ಮಂದಿ ಬಲಿಯಾದರು. ಅಗ್ಗದ ಹೊಗೆ ಯಾರ ಪಾಲಿಗೆ ಅಗ್ಗವೆಂಬುದನ್ನು ನಿಪ್ಪಾಣಿಯಲ್ಲಿ ಕೇಳಬೇಕು.

ಅಥಣಿಯ ಮೆಟ್ಟಿನ ಕಥೆ ಬೇರೆ ಜಾಡಿನದು. ಕಲ್ಯಾಣದ ಶರಣ ಹರಳಯ್ಯನನ್ನು ಪೂರ್ವಜನೆಂದು ಸ್ಮರಿಸುವ ಸಮಗಾರರು ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳ ನೀರಿನಲ್ಲಿ ದಿನಗಟ್ಟಲೆ ಹದಗೊಳಿಸುವರು. ಎಮ್ಮೆಯ ಚರ್ಮದ ಅಟ್ಟೆಯನ್ನು ಗಂಡಸರು ಕೊಯ್ದರೆ, ಮೇಲಿನ ನುಣುಪಾದ ಹೆಣಿಗೆಯನ್ನು ಹೆಂಗಸರು ಹೆಣೆಯುವರು. ಮೊಳೆಯೊಂದನ್ನೂ ಹೊಡೆಯದೆ ಚರ್ಮದ ದಾರದಿಂದಲೇ ಹೊಲಿಯುವರು. ಹೊಸದರಲ್ಲಿ ಅದು ಮಾಲಿಕನನ್ನು ಕಚ್ಚುವುದು. ಎಣ್ಣೆ ಕುಡಿದು ಪಳಗಿದ ಮೇಲೆ ಮಣ್ಣಿನ ಹಾದಿಯಲ್ಲಿ ವರ್ಷಗಟ್ಟಲೆ ನಡೆಯುವುದು. ಕಟ್ಟಿಗೆ ಹೇರಿದ ಚಕ್ಕಡಿಯ ಹಿಂದೆ ನಡೆಯುವವನಿಗೆ ಇದಕ್ಕಿಂತ ತಕ್ಕ ಪಾದರಕ್ಷೆ ಬೇರಿಲ್ಲ ಎಂಬುದು ನನ್ನ ಮತ.

ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರು (1874–1922) ಈ ಕಸುಬಿಗೆ ಆಶ್ರಯವಿತ್ತುದರಿಂದಲೂ ದೊಡ್ಡ ಪೇಟೆ ಅಲ್ಲಿಯೇ ಇದ್ದುದರಿಂದಲೂ ಅಥಣಿಯಲ್ಲಿ ಹೊಲಿದ ಜೋಡೂ ಕೊಲ್ಹಾಪುರಿಯೆಂದೇ ಮಾರಾಟವಾಯಿತು. ಕಾನೆಸ್ಟೋಗದ ಹೆಸರನ್ನು ಅದರ ಸರಕು ದೇಶವಿಡೀ ಹೊತ್ತೊಯ್ದಿತು. ಅಥಣಿಯ ಸರಕೋ ನೆರೆಯವರ ಹೆಸರನ್ನು ಹೊತ್ತಿತು. 2018ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರ, ಸೊಲ್ಲಾಪುರಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಆ ಪತ್ರದಲ್ಲಿ ಸೇರಿದುವು. ಚಪ್ಪಲಿಯ ಹೆಸರು ಮಾತ್ರ ಕೊಲ್ಹಾಪುರಿಯಾಗಿಯೇ ಉಳಿಯಿತು.