ರೊಮ್ಯಾನ್ಸ್ ಎಂಬ ಆಡುನುಡಿ

ಇವತ್ತಿನ ಕನ್ನಡದಲ್ಲಿ ರೊಮ್ಯಾನ್ಸ್ ಎಂದರೆ ‘ಮಾಡುವ’ ಕೆಲಸ. ಪಾರ್ಕಿನ ಬೆಂಚಿನ ಮೇಲೂ ಮಾಡಬಹುದು, ಸಿನಿಮಾದವರಾದರೆ ಸ್ವಿಟ್ಜರ್ಲೆಂಡಿನ ಹಿಮದಲ್ಲೂ ಮಾಡಬಹುದು. ಆ ಸ್ವಿಟ್ಜರ್ಲೆಂಡಿನ ಪೂರ್ವದ ಕಣಿವೆಗಳಲ್ಲಿ ಈ ಪದದ ಒಡಹುಟ್ಟೊಂದು ಇನ್ನೂ ತನ್ನ ಹಳೆಯ ಕಸುಬಿನಲ್ಲೇ ಇದೆ. ಅಲ್ಲಿ ಅದು ಒಂದು ಭಾಷೆಯ ಹೆಸರು: ರೊಮಾನ್ಶ್. 1938ರಲ್ಲಿ ಸ್ವಿಸ್ ಜನ ಮತ ಹಾಕಿ ಅದನ್ನು ತಮ್ಮ ನಾಲ್ಕನೆಯ ರಾಷ್ಟ್ರಭಾಷೆ ಮಾಡಿಕೊಂಡರು. ಅದನ್ನಾಡುವ ರೈತನಿಗೂ ನಮ್ಮ ಪಾರ್ಕಿನ ಜೋಡಿಗೂ ಏನು ಸಂಬಂಧ ಎಂದು ಕೇಳಿದರೆ ಹನ್ನೆರಡು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

813ರಲ್ಲಿ ಫ್ರಾನ್ಸಿನ ಟೂರ್ ಪಟ್ಟಣದಲ್ಲಿ ಬಿಷಪ್ಪರ ಸಭೆ ಸೇರಿತ್ತು. ಚರ್ಚಿನ ಪ್ರವಚನ ಲ್ಯಾಟಿನ್ನಿನಲ್ಲಿ ನಡೆದರೆ ಕೂತವರಿಗೆ ಒಂದಕ್ಷರವೂ ಹತ್ತುತ್ತಿರಲಿಲ್ಲ. ಆದ್ದರಿಂದ ಅದನ್ನು ಹಳ್ಳಿಯ ರೋಮನ್ ಮಾತಿಗೋ ಜರ್ಮನ್ ಮಾತಿಗೋ ತಿರುಗಿಸಿ ಹೇಳಬೇಕೆಂದು ಸಭೆ ನಿರ್ಣಯ ಮಾಡಿತು. ರೋಮನ್ನರ ಲ್ಯಾಟಿನ್ ಜನರ ಬಾಯಲ್ಲಿ ಸವೆದು ಬೇರೆಯೇ ಆಗಿತ್ತು. ಆ ಸವೆದ ಮಾತಿನಲ್ಲಿ ನುಡಿಯುವುದಕ್ಕೆ ‘ರೊಮಾನಿಕೆ’ ಎನ್ನುತ್ತಿದ್ದರು, ಅಂದರೆ ‘ರೋಮನ್ ರೀತಿಯಲ್ಲಿ’. ಅದು ಹಳೆಯ ಫ್ರೆಂಚಿನಲ್ಲಿ ‘ರೊಮಾನ್ಜ್’ ಆಯಿತು. ಪಂಡಿತರದು ಲ್ಯಾಟಿನ್, ಉಳಿದವರದು ರೊಮಾನ್ಜ್. ಒಂದು ಗ್ರಂಥವನ್ನು ‘ರೊಮಾನ್ಜಿಗೆ ಹಾಕುವುದು’ ಎಂದರೆ ದೇಸಿಗೆ ತರುವುದು. ಪ್ರೇಮ, ಹೂವು, ಬೆಳುದಿಂಗಳು ಯಾವುದೂ ಆ ಪದದೊಳಗೆ ಇರಲಿಲ್ಲ.

ದೇಸಿಗೆ ಬಂದದ್ದರಲ್ಲಿ ಜನ ಕೇಳಲು ಕಾದು ಕೂರುತ್ತಿದ್ದದ್ದು ಕಥೆ. ಹಾಗಾಗಿ ಹನ್ನೆರಡನೆಯ ಶತಮಾನದಲ್ಲಿ ಭಾಷೆಯ ಹೆಸರೇ ಕಥೆಯ ಹೆಸರಾಯಿತು. ಫ್ರೆಂಚರು, ಜರ್ಮನ್ನರು ಇಂದಿಗೂ ಕಾದಂಬರಿಗೆ ‘ರೊಮಾನ್’ ಎನ್ನುತ್ತಾರೆ. ರಷ್ಯನ್ನರಲ್ಲಿ ಅದೇ ಪದಕ್ಕೆ ಕಾದಂಬರಿ, ಪ್ರೇಮ ಪ್ರಕರಣ ಎರಡೂ ಅರ್ಥ. ಯಾರಾದರೂ ‘ನನಗೊಂದು ರೊಮಾನ್ ಇದೆ’ ಎಂದರೆ ಕೈಯಲ್ಲಿ ಪುಸ್ತಕ ಇದೆಯೇ ಎಂದು ನೋಡಿಕೊಳ್ಳಬೇಕು.

ಆ ಕಾಲದ ಕಥೆಗಾರರಲ್ಲಿ ದೊಡ್ಡ ಹೆಸರು ಕ್ರೆತಿಯಾಂ ದ ತ್ರ್ವಾ. ಅವನ ‘ಇವೈನ್’ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವೀರ ಇವೈನ್ ಮದುವೆಯಾದ ಹೊಸತರಲ್ಲೇ ಕಾಳಗದ ಪಂದ್ಯಗಳಿಗೆಂದು ಹೊರಡುತ್ತಾನೆ. ಹೆಂಡತಿ ಲೋದೀನ್ ಒಂದು ವರ್ಷದ ಗಡುವು ಕೊಟ್ಟು ಕಳಿಸುತ್ತಾಳೆ. ಗೆಲುವಿನ ಅಮಲಿನಲ್ಲಿ ಇವನಿಗೆ ಗಡುವು ಮರೆತೇ ಹೋಗುತ್ತದೆ. ಇನ್ನು ಬರಬೇಡವೆಂಬ ಅವಳ ಮಾತು ಬಂದು ಮುಟ್ಟಿದಾಗ ಅವನ ಬುದ್ಧಿ ಕದಡುತ್ತದೆ. ಬಟ್ಟೆ ಹರಿದುಕೊಂಡು ಕಾಡು ಸೇರುತ್ತಾನೆ, ಹಸಿ ಮಾಂಸ ತಿನ್ನುತ್ತಾನೆ. ಒಬ್ಬ ಸನ್ಯಾಸಿ ಹೆದರುತ್ತಲೇ ಕಿಟಕಿಯಲ್ಲಿಟ್ಟ ರೊಟ್ಟಿಯಿಂದ ಬದುಕಿಕೊಳ್ಳುತ್ತಾನೆ. ಬುದ್ಧಿ ಮರಳುವುದು ಮಾಯದ ಮುಲಾಮಿನಿಂದ. ಹೆಂಡತಿಯ ಕ್ಷಮೆಗೆ ಮಾತ್ರ ಯಾವ ಮುಲಾಮೂ ಇಲ್ಲ, ಕಥೆಯ ಉಳಿದ ಭಾಗವೆಲ್ಲ ಅದಕ್ಕೇ ಬೇಕಾಗುತ್ತದೆ.

ಅದೇ ಕಥೆಯಲ್ಲಿ ಮುಂದೆ ಒಂದು ಕೋಟೆ ಬರುತ್ತದೆ. ಬೇಲಿ ಹಾಕಿದ ಅಂಗಳದಲ್ಲಿ ಮುನ್ನೂರು ಹೆಣ್ಣುಮಕ್ಕಳು ರೇಷ್ಮೆ ಮತ್ತು ಚಿನ್ನದ ಎಳೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರ ಮೈಮೇಲಿನ ಬಟ್ಟೆ ಮೊಣಕೈಯಲ್ಲಿ ಹರಿದಿದೆ, ಮುಖ ಹಸಿವಿನಿಂದ ಬಿಳಿಚಿದೆ. ಅವರಲ್ಲೊಬ್ಬಳು ಲೆಕ್ಕ ಬಿಡಿಸಿ ಹೇಳುತ್ತಾಳೆ: ಕೈಕೆಲಸದ ಪ್ರತಿ ಪೌಂಡಿನಲ್ಲಿ ತಮ್ಮ ಪಾಲಿಗೆ ಬರುವುದು ನಾಲ್ಕು ದೆನಿಯೆ ನಾಣ್ಯ. ಆಗ ಪೌಂಡಿಗೆ 240 ದೆನಿಯೆ. ನಾವು ಹರಿದುಟ್ಟಿದ್ದೇವೆ, ನಮ್ಮನ್ನು ದುಡಿಸಿಕೊಳ್ಳುವವನು ಸಿರಿವಂತನಾಗುತ್ತಿದ್ದಾನೆ ಎಂದೂ ಸೇರಿಸುತ್ತಾಳೆ. ಪ್ರೇಮಕಥೆಯ ನಡುಮಧ್ಯೆ ಕೂಲಿಯ ಲೆಕ್ಕ! ‘ಈಗೀಗ ರೊಮ್ಯಾನ್ಸ್ ಕಾದಂಬರಿಗಳೂ ಗಂಭೀರ ವಿಷಯ ಎತ್ತಿಕೊಳ್ಳುತ್ತಿವೆ’ ಎಂದು ಹೊಸ ಸುದ್ದಿಯಂತೆ ಹೇಳುವವರನ್ನು ಕಂಡಾಗ ನನಗೆ ಈ ಮುನ್ನೂರು ಜನ ನೆನಪಾಗುತ್ತಾರೆ. ಗಂಭೀರ ವಿಷಯ ಆ ಮನೆಯದೇ. ನಡುವೆ ಯಾವಾಗಲೋ ಅದನ್ನು ಹೊರಗೆ ಹಾಕಿದ್ದರು, ಅಷ್ಟೆ.

ಹೊರಗೆ ಹಾಕಿದ್ದು ಇಂಗ್ಲಿಷಿನಲ್ಲಿ ಎನ್ನಬಹುದು. ಪದ ಅಲ್ಲಿಗೆ ಬಂದು ನೆಲೆಸಿದ ಮೇಲೆ, ಹದಿನೇಳನೆಯ ಶತಮಾನದ ಹೊತ್ತಿಗೆ ‘ರೊಮ್ಯಾಂಟಿಕ್’ ಎಂದರೆ ನಂಬಲಾಗದ್ದು, ಕಟ್ಟುಕಥೆಯಂಥದ್ದು ಎಂಬ ಭಾವ ಬಂತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ರೊಮ್ಯಾನ್ಸ್ ಪದಕ್ಕೆ ಯುದ್ಧ-ಪ್ರೇಮಗಳ ಸಾಹಸಕಥೆ ಎಂದು ಮೊದಲ ಅರ್ಥ ಕೊಟ್ಟು, ಎರಡನೆಯದಾಗಿ ‘ಸುಳ್ಳು’ ಎಂದೇ ಬರೆದ. ತಮಾಷೆಯೆಂದರೆ ‘ಪ್ರೇಮದ ಸಣ್ಣ ಕಥೆ’ ಎಂಬ ಅರ್ಥ ಅವನಲ್ಲಿ ‘ನಾವೆಲ್’ ಪದದ ಪಾಲಿಗೆ ಬಂದಿದೆ. ಆಮೇಲೆ ಇಬ್ಬರೂ ಮನೆ ಅದಲುಬದಲು ಮಾಡಿಕೊಂಡರು. ನಾವೆಲ್ ಬದುಕಿನ ಪೂರ್ತಿ ಜವಾಬ್ದಾರಿ ಹೊತ್ತುಕೊಂಡಿತು, ರೊಮ್ಯಾನ್ಸಿನ ಪಾಲಿಗೆ ಪ್ರೇಮ ಒಂದೇ ಉಳಿಯಿತು. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನ ಮೊದಲು ಎಲ್ಲ ಬಗೆಯ ಪುಸ್ತಕ ಹಾಕುತ್ತಿತ್ತು. ಮೂವತ್ತರ ದಶಕದಲ್ಲಿ ಪ್ರೇಮಕಥೆಗೇ ಗಟ್ಟಿಯಾಗಿ ನಿಂತಿತು. ನಮ್ಮ ಕಾಲೇಜು ಹುಡುಗಿಯರು ನೋಟ್‌ಬುಕ್ಕಿನ ಮರೆಯಲ್ಲಿ ಓದಿದ್ದು ಇದೇ ಮನೆಯ ಪುಸ್ತಕಗಳನ್ನು. ಮುಚ್ಚಿಟ್ಟು ಓದಬೇಕಾದ ಪುಸ್ತಕದ ಮೇಲೆ ಗೌರವ ಹುಟ್ಟುವುದು ಕಷ್ಟ.

ಕನ್ನಡದ ವಿಮರ್ಶಕರು ರೊಮ್ಯಾಂಟಿಕ್ ಪದಕ್ಕೆ ‘ರಮ್ಯ’ ಎಂದು ಕೊಟ್ಟರು. ಕಿವಿಗೆ ಅಣ್ಣ-ತಂಗಿಯಂತೆ ಕೇಳಿಸುತ್ತದೆ, ಆದರೆ ರಮ್ಯ ಬಂದಿರುವುದು ‘ರಮ್’ ಧಾತುವಿನಿಂದ. ರೋಮ್ ನಗರಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ನವ್ಯದವರ ಕೈಯಲ್ಲಂತೂ ‘ಇದು ಬರೀ ರಮ್ಯ’ ಎಂಬುದು ಬೈಗುಳವೇ ಆಯಿತು. ಜಾನ್ಸನ್‌ನ ಎರಡನೆಯ ಅರ್ಥ ಇಲ್ಲಿಗೂ ಬಂದು ತಲುಪಿದಂತಾಯಿತು.

ನಗಿಸುವ ಪ್ರೇಮಕಥೆಗೆ ಈಗ ‘ರೋಮ್‌ಕಾಮ್’ ಎನ್ನುತ್ತಾರೆ. ಅದರ ಅರ್ಧ ರೊಮ್ಯಾನ್ಸ್, ಉಳಿದರ್ಧ ಕಾಮಿಡಿ. ನಮ್ಮಲ್ಲಿ ‘ಕಾಮಿಡಿ ಪೀಸ್’ ಆಗಿ ಬೀದಿಗಿಳಿದಿರುವ ಈ ಪದದ ಗ್ರೀಕ್ ಮೂಲದಲ್ಲಿ ‘ಕೋಮಸ್’ ಇದೆ, ಕುಡಿದು ಹಾಡುತ್ತ ಬೀದಿಯಲ್ಲಿ ಸಾಗುವ ಮೆರವಣಿಗೆ. ಮಧ್ಯಯುಗಕ್ಕೆ ಬರುವಷ್ಟರಲ್ಲಿ ನಗು ಹಿಂದೆ ಸರಿದು, ಕೊನೆ ಹೇಗಾಗುತ್ತದೆ ಎಂಬುದೇ ಮುಖ್ಯವಾಯಿತು: ಕಷ್ಟದಲ್ಲಿ ಶುರುವಾಗಿ ಸುಖದಲ್ಲಿ ಮುಗಿದರೆ ಕಾಮಿಡಿ. ಆ ಲೆಕ್ಕದಲ್ಲೇ ದಾಂತೆ, ನರಕದಿಂದ ಹೊರಟು ಸ್ವರ್ಗ ಮುಟ್ಟುವ ತನ್ನ ಕಾವ್ಯವನ್ನು ‘ಕೊಮೆದಿಯಾ’ ಎಂದು ಕರೆದ. ‘ಡಿವೈನ್’ ಎಂಬ ವಿಶೇಷಣ ಆಮೇಲಿನವರು ಅಂಟಿಸಿದ್ದು, ಪುಸ್ತಕದ ಹೆಸರಿನಲ್ಲಿ ಅದು ಅಚ್ಚಾದದ್ದು 1555ರಲ್ಲಿ. ದಾಂತೆಯದೆಂದು ಹೇಳುವ ಒಂದು ಪತ್ರದಲ್ಲಿ ಈ ಹೆಸರಿಗೆ ಇನ್ನೊಂದು ಕಾರಣವೂ ಇದೆ. ಇದರ ಮಾತು ಸಾಮಾನ್ಯದ್ದು, ಹೆಂಗಸರೂ ಆಡಿಕೊಳ್ಳುವಂಥದ್ದು ಎಂದು. ಅಲ್ಲಿಗೆ ಎರಡು ಪದಗಳೂ ಒಂದೇ ಕೇರಿಯವಾದವು. ಯಾರ ಮಾತಿನಲ್ಲಿ ಹೇಳಬೇಕು ಎಂಬುದನ್ನು ರೊಮ್ಯಾನ್ಸ್ ಗೊತ್ತುಮಾಡಿತು, ಎಲ್ಲಿ ಮುಗಿಸಬೇಕು ಎಂಬುದನ್ನು ಕಾಮಿಡಿ. ಏನನ್ನು ಹೇಳಬಾರದು ಎಂದು ಎರಡರಲ್ಲಿ ಯಾವುದೂ ಕಟ್ಟು ಹಾಕಿರಲಿಲ್ಲ.

ರೋಮ್‌ಕಾಮ್ ಬರೆಯುವ ಈಗಿನ ಕಾದಂಬರಿಕಾರ್ತಿಯರು ನಿಂತಿರುವುದು ಈ ಬಯಲಿನಲ್ಲಿ. ನನ್ನ ಮೆಚ್ಚಿನವರು ಐರ್ಲೆಂಡಿನ ಮೇರಿಯನ್ ಕೀಸ್. ತೊಂಬತ್ತರ ದಶಕದ ಕೊನೆಗೆ ಬಂದ ಅವರ ‘ರೇಚಲ್ಸ್ ಹಾಲಿಡೇ’ಯಲ್ಲಿ ಕಥೆ ಹೇಳುವವಳು ರೇಚಲ್. ಮನೆಯವರು ಅವಳನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸುತ್ತಾರೆ. ತನಗೇನೂ ಆಗಿಲ್ಲ, ಅಲ್ಲಿ ಜಕೂಜಿ ಇರಬಹುದು, ಸಿನಿಮಾ ತಾರೆಯರು ಸಿಗಬಹುದು ಎಂದುಕೊಂಡು ರಜಕ್ಕೆ ಹೊರಟಂತೆ ಹೊರಡುತ್ತಾಳೆ. ಅಲ್ಲಿ ಅಡುಗೆಮನೆಯ ಕೆಲಸ ಸಿಗುತ್ತದೆ. ಅವಳ ಚಟಾಕಿಗಳಿಗೆ ನಾವು ಬಿದ್ದು ಬಿದ್ದು ನಗುತ್ತೇವೆ. ಒಂದು ದಿನ ಅವಳ ಪ್ರಿಯಕರ ಲೂಕ್ ಗುಂಪಿನ ಎದುರು ಕೂತು ನಡೆದದ್ದನ್ನು ನಡೆದಂತೆಯೇ ಹೇಳುತ್ತಾನೆ. ಅಷ್ಟೂ ಹೊತ್ತು ನಾವು ನಕ್ಕದ್ದು ಅವಳ ಸುಳ್ಳಿಗೆ ಎಂದು ಆಗ ಹೊಳೆಯುತ್ತದೆ. ಇಲ್ಲಿ ಹಾಸ್ಯ ಕಹಿ ಗುಳಿಗೆಗೆ ಬಳಿದ ಬೆಲ್ಲವಲ್ಲ, ಅದೇ ರೋಗದ ಲಕ್ಷಣ. ಕುಡಿತದಿಂದ ಹೊರಬಂದ ಕೀಸ್ ಅದನ್ನು ಒಳಗಿಂದ ಬಲ್ಲವರು.

ಹೆಲೆನ್ ಹ್ವಾಂಗ್ ಅವರ ‘ದಿ ಕಿಸ್ ಕ್ವೋಶೆಂಟ್’ (2018) ನಾಯಕಿ ಸ್ಟೆಲ್ಲಾ ಅಂಕಿಸಂಖ್ಯೆಗಳಲ್ಲಿ ಚತುರೆ, ಆಟಿಸಂ ಇರುವವಳು, ಬೇರೆಯವರು ಮುಟ್ಟಿದರೆ ಮೈ ಬಿಗಿಯುತ್ತದೆ. ಪುಸ್ತಕಕ್ಕೆಂದು ಓದುತ್ತ ಹೋದ ಹ್ವಾಂಗ್ ಅವರಿಗೆ ತಮಗೂ ಆಟಿಸಂ ಇದೆ ಎಂದು ತಿಳಿಯಿತು. ನಾಯಕ ಮೈಕೆಲ್ ಹಣಕ್ಕೆ ಜೊತೆ ಹೋಗುವ ಕೆಲಸಕ್ಕಿಳಿದಿರುವುದು ತಾಯಿಯ ಕ್ಯಾನ್ಸರ್ ಚಿಕಿತ್ಸೆಯ ಸಾಲಕ್ಕಾಗಿ. ಅಮೆರಿಕದ ಆಸ್ಪತ್ರೆ ಬಿಲ್ಲಿನ ಬಗ್ಗೆ ಹತ್ತು ಲೇಖನ ಓದಿದರೂ ಇಷ್ಟು ಮನಸ್ಸಿಗೆ ಹತ್ತಲಿಕ್ಕಿಲ್ಲ. ಇಂಗ್ಲೆಂಡಿನ ಟಾಲಿಯಾ ಹಿಬರ್ಟ್ ಬರೆದ ‘ಗೆಟ್ ಅ ಲೈಫ್, ಕ್ಲೋಯಿ ಬ್ರೌನ್’ (2019) ನಾಯಕಿಗೆ ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ಬಿಡದೆ ಕಾಡುವ ನೋವು. ಕೊನೆಯ ಪುಟದಲ್ಲಿ ಪ್ರೇಮ ಸಿಗುತ್ತದೆ, ನೋವು ಹೋಗುವುದಿಲ್ಲ. ಈ ಬಗೆಯ ಪುಸ್ತಕವನ್ನು ಅಳೆಯಲು ನಾನು ಮೊದಲು ನೋಡುವುದು ಇದನ್ನೇ. ನಾಯಕ ಬಂದೊಡನೆ ಖಿನ್ನತೆ ಕರಗಿದರೆ, ಮದುವೆಯಾದೊಡನೆ ಹಳೆಯ ಗಾಯ ಮಾಯವಾದರೆ, ಅದು ಇವೈನ್‌ಗೆ ಹಚ್ಚಿದ ಮುಲಾಮೇ. ಕ್ರೆತಿಯಾಂಗೆ ಮಾಟಗಾತಿಯರ ನೆರವಿತ್ತು, ಇವರಿಗೆ ಆ ಸವಲತ್ತಿಲ್ಲ. ಕಾಯಿಲೆಯನ್ನು ನಾಯಕಿಯ ಕಿವಿಯೋಲೆಯಂತೆ ತೊಡಿಸಿ ಕೈತೊಳೆದುಕೊಳ್ಳುವ ಪುಸ್ತಕಗಳೂ ಸಾಲುಸಾಲಾಗಿ ಬರುತ್ತಿವೆ.

ಎಮಿಲಿ ಹೆನ್ರಿಯವರ ‘ಬೀಚ್ ರೀಡ್’ (2020) ಪ್ರೇಮಕಥೆಗೂ ಗಂಭೀರ ಸಾಹಿತ್ಯಕ್ಕೂ ಇರುವ ಜಗಳವನ್ನೇ ಕಥೆ ಮಾಡಿಕೊಂಡಿದೆ. ಜಾನ್ಯುವರಿ ಎಂಬಾಕೆ ಪ್ರೇಮಕಾದಂಬರಿ ಬರೆದು ಬದುಕುವವಳು. ಅಪ್ಪ ತೀರಿಕೊಂಡ ಮೇಲೆ ಅವನಿಗೆ ಇನ್ನೊಂದು ಸಂಬಂಧ ಇತ್ತೆಂದು ತಿಳಿದು, ಸುಖಾಂತ ಬರೆಯಲು ಅವಳಿಗೆ ಕೈಯೇ ಏಳುವುದಿಲ್ಲ. ಪಕ್ಕದ ಮನೆಯಲ್ಲಿರುವವನು ‘ಗಂಭೀರ’ ಸಾಹಿತಿ. ಇಬ್ಬರೂ ಪಣ ಕಟ್ಟಿ ಪ್ರಕಾರ ಬದಲಾಯಿಸಿಕೊಳ್ಳುತ್ತಾರೆ: ಅವನು ಸುಖಾಂತ ಬರೆಯಬೇಕು, ಅವಳು ಕಠೋರವಾದದ್ದನ್ನು.

ಜಾನ್ಯುವರಿಗೆ ಬಂದ ಕಷ್ಟ ನಮ್ಮ ಕಡೆಯ ಪದವೊಂದರ ಬೆನ್ನಿಗೂ ಇದೆ. ಕನ್ನಡ, ಮರಾಠಿಗಳಲ್ಲಿ ನಾವೆಲ್ಲಿಗೆ ‘ಕಾದಂಬರಿ’ ಎಂಬ ಹೆಸರು ಬಂದದ್ದು ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣನ ಕೃತಿಯಿಂದ. ಅದನ್ನು ನಾಗವರ್ಮ ಸಾವಿರ ವರ್ಷದ ಹಿಂದೆಯೇ ಚಂಪುವಾಗಿ ಕನ್ನಡಕ್ಕೆ ತಂದ. ಹಳೆಯ ಫ್ರೆಂಚರು ಹೇಳುತ್ತಿದ್ದಂತೆ, ‘ರೊಮಾನ್ಜಿಗೆ ಹಾಕಿದ’. ಅಲ್ಲಿ ಭಾಷೆಯ ಹೆಸರು ಪ್ರಕಾರದ ಹೆಸರಾದರೆ, ಇಲ್ಲಿ ಒಬ್ಬ ಪ್ರೇಮಿಕೆಯ ಹೆಸರೇ ಆಯಿತು. ಆ ಪ್ರೇಮಕಥೆಯಲ್ಲಿ ಪುಂಡರೀಕ ವಿರಹ ತಾಳದೆ ಸಾಯುತ್ತಾನೆ, ಅವನ ಪ್ರಿಯೆ ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕೂರುತ್ತಾಳೆ, ಗೆಳತಿ ಹೀಗಿರುವಾಗ ತನಗೆ ಮದುವೆ ಬೇಡವೆಂದು ಕಾದಂಬರಿ ಹಟ ಹಿಡಿಯುತ್ತಾಳೆ. ಬಾಣ ಕಥೆ ಮುಗಿಸುವ ಮೊದಲೇ ತೀರಿಕೊಂಡ. ಸತ್ತವರು ಎದ್ದು ಎರಡು ಜೋಡಿಗಳೂ ಒಂದಾಗುವ ಸುಖಾಂತವನ್ನು ಬರೆದದ್ದು ಅಪ್ಪನನ್ನು ಕಳೆದುಕೊಂಡ ಅವನ ಮಗ.